ಬೀಳಗಿ ದಾರ್ಯಾಗ ಬಿಚ್ಚಿದ ಕಾರು

ಕಾರು ಕೊಂಡವ್ರಿಗೆ ಪೆಟ್ರೋಲಿಂದಷ್ಟ ಚಿಂತಿ. ಮನಿ ಅಂಗಳದಾಗ ತಾನ ಕಾರು ಜೋಡಿಸಿಕೊಂಡವಗ ಹೊರಬಿದ್ದಾಗೊಮ್ಮೆ ಒಂದು ಫಜೀತಿ. ನಾ ಜಮಖಂಡಿಯಾಗ ಗುಮಾಸ್ತ, ನನ್ನಾಕಿ ಬೀಳಗಿಯಾಗ ನರ್ಸ್. ವಾರಕ್ಕೊಮ್ಮೆ ಭೆಟ್ಟಿ. ಬಸ್ಸಿನ ದಾರಿ ಕಾಯೂದ್ರಾಗ ಅರ್ಧ ರವಿವಾರ ಮುಗೀತಿತ್ತು. ಅದಕ್ಕ ಚಾಸಿ, ಹಳೆ ಎಂಜಿನ್ನು, ಫೈಬರ್ ತುಂಡು ತರಿಸಿ ಕಾರು ಮಾಡಿದೆ. ಓಡೂದೇನೋ ಛಲೋ ಓಡತಿತ್ತು. ಮೈಮ್ಯಾಲಿನ ತುಂಡು ಮಾತ್ರ ಒಂದೂ ಜಾಗಾದಾಗ ನಿಲ್ಲತಿದ್ದಿಲ್ಲ.

ಟೊಪಗಿ

ಮೊದಲನೇ ಶನಿವಾರ ಬಾನೆಟ್ಟಿಗೆ ರಬ್ಬರ್ ಪಟ್ಟಿ ಬಿಗಿದು ಹೊಂಟೆ. ಗಲಗಲಿ ಹತ್ರ ಎದುರಿಗೆ ಒಂದು ಲಾರಿ ಭರ್ರಂತ ಬಂತು. ಆ ಗಾಳಿಗೆ ಪಟ್ಟಿ ಹರಿದು, ಬಾನೆಟ್ಟು ನನ್ನ ತಲಿಮ್ಯಾಲಿಂದ ಹಾರಿ ಕಬ್ಬಿನಾಗ ಬಿತ್ತು. ನಾ ಹುಡುಕಾಕತ್ತಿದ್ದೆ, ಕುರಿ ಕಾಯೂ ಅಜ್ಜ ಒಬ್ಬಾಂವ ಅದನ್ನ ತಲಿಮ್ಯಾಲೆ ಹೊತ್ಕೊಂಡು ಬಂದ.

"ಯಾರನ್ನ ನೋಡಾಕ ಇಷ್ಟು ಗಡಿಬಿಡಿಲೆ ಹೊಂಟೀಯೋ ತಮ್ಮಾ?"

"ಹೆಂಡ್ತೀನ್ನ, ಯಜ್ಜಾ."

"ಲಗ್ನಾಗಿ ಎಷ್ಟ ದಿನಾತು?"

"ವರ್ಷಾತು."

ಅಜ್ಜ ನನ್ನ ಮಾರಿ ನೋಡಿದ. "ವರ್ಷಾದ ಮ್ಯಾಲೂ ಇಷ್ಟ ಅವಸರೇನು? ಗಾಡಿ ಟೊಪಗಿ ಎಲ್ಲಿ ತಡೀಬೇಕೋ!"

ಮಾವಾರ ಬಾಗಿಲಾ

ಮಾವಾರದು ಬನಹಟ್ಟಿ. ಒಮ್ಮೆ ಮಗಳನ್ನ ನೋಡಾಕ ಅವರೂ ಕಾರು ಹತ್ತಿದ್ರು. ಬಾಗಿಲದ ಕೊಂಡಿ ಸಡಲಾಗಿತ್ತು. ತಮ್ಮ ಮಗ್ಗದ ಹಳೆ ಪಟ್ಟಿ ತಂದು ಅವರ ಕಟ್ಟಿದ್ರು. "ಇದು ಹರೀತಂದ್ರ ನನ್ನ ಹೆಸರ ಬದಲಿ ಮಾಡ್ರಿ ಅಳ್ಯಾರ" ಅಂದ್ರು.

ಮುಧೋಳ ದಾಟಿದ ಮ್ಯಾಲೆ ಒಂದು ತಗ್ಗು ಬಂತು. ಪಟ್ಟಿ ಹರೀಲಿಲ್ಲ, ಖರೆ. ಬಾಗಿಲಾನ ಕಿತ್ಕೊಂಡು ಮಾವಾರ ತೊಡಿಮ್ಯಾಲೆ ಬಿತ್ತು. ಅದನ್ನ ಕೂಸಿನಂಗ ಅಪ್ಪಿಕೊಂಡು ಬೀಳಗಿ ತನಕ ಕುಂತ್ರು. ನನ್ನಾಕಿ ಓಡಿ ಬಂದು, "ಅಪ್ಪಾ, ಇದೇನ ತಂದೀಯೋ?" ಅಂದ್ಲು.

ಮಾವಾರು ಬಾಗಿಲಾ ಆಕಿ ಕೈಯಾಗಿಟ್ಟು ಅಂದ್ರು: "ಮಗಳ ಮನಿಗೆ ಬರಿಗೈಲೆ ಬರಬಾರ್ದಲ್ಲವಾ!"

ಬಾಯಿ ಬಿಡದ ಎಂಜಿನ್ನು

ಬ್ಯಾಸತ್ತು ಎಲ್ಲಾ ತುಂಡಿಗೂ ಬೋಲ್ಟ್ ಹಾಕಿ ಬಿಗಿದುಬಿಟ್ಟೆ. ಆ ವಾರ ಏನೂ ಅಲುಗಲಿಲ್ಲ. ಆದ್ರ ಎಂಜಿನ್ನು ಕಾಯ್ದು ಹೊಗಿ ಬಂತು. ಬಾಜೂಕ ಹೊಳಿ ಹರ್ಯಾಕತ್ತಿತ್ತು, ಕೈಯಾಗ ನೀರು ಇತ್ತು, ಬಾನೆಟ್ಟು ಬಿಚ್ಚೂ ಪಾನಾ ಮಾತ್ರ ಜಮಖಂಡಿಯಾಗ ಉಳಿದಿತ್ತು. ಅಷ್ಟೊತ್ತಿಗೆ ಆಕಿ ಫೋನು.

"ಎಲ್ಲದೀರಿ? ರೊಟ್ಟಿ ಆರಾಕತ್ತಾವು."

"ಹೊಳಿ ದಂಡ್ಯಾಗ. ಎಂಜಿನ್ನಿಗೆ ನೀರಡಿಸೇತಿ, ಬಾಯಿ ತಗೀವಲ್ದು."

"ಮಾಡಿದಾವ್ರಂಗ ಐತಿ. ವಾರಗಟ್ಲೆ ಫೋನಿನ್ಯಾಗ ಬರೇ ಹೂಂ, ಹೂಂ. 'ನಿನ್ನ ನೆನಪಾಗೇತಿ' ಅಂತ ಒಮ್ಮೆರೆ ಬಾಯಿಬಿಟ್ಟು ಹೇಳೀರೇನು?"

ನಾ ಅಂದೆ, "ಹೂಂ."

ರೆಕ್ಕಿ ನಟ್ಟು

ಕಡೀಕ ರೆಕ್ಕಿ ಇದ್ದ ನಟ್ಟು ಹಾಕಿಸಿದೆ. ಬಿಗಿಯೂದೂ ಕೈಲೆ, ಬಿಚ್ಚೂದೂ ಕೈಲೆ. ಒಂದು ರವಿವಾರ ಸಂಜಿಮುಂದ ಹೊಂಡಾಕಂತ ಬಾನೆಟ್ಟು ತಗದು ನೀರು ಹಾಕಿದೆ. ನಟ್ಟೆಲ್ಲಾ ಒಂದು ತಾಟಿನ್ಯಾಗಿದ್ವು. ಕಿಡಕಿ ಒಳಗ ಆಕಿ ತಲಿ ಬಗ್ಗಿಸಿ ನನ್ನ ಡಬ್ಬಿಗೆ ಶೇಂಗಾ ಚಟ್ನಿ ತುಂಬಾಕತ್ತಿದ್ಲು. ಮತ್ತ ಒಂದು ವಾರ ಅನ್ನೂದು ನೆನಪಾಗಿ ನನಗೂ ಹೆಂಗೋ ಆತು. ಕೈ ತಾನ ಹೋಗಿ ಎರಡು ನಟ್ಟು ಕಿಸೇದಾಗ ಹಾಕ್ಕೊಂತು.

ಒಳಗ ಕೈ ತೊಳಕೊಂಡು, ಚಾ ಕುಡಿದು, "ನಟ್ಟು ಕಡಿಮಿ ಬಿದ್ದಾವು, ಇವತ್ತ ಹೋಗಾಕ ಬರೂದಿಲ್ಲ" ಅಂತ ಅಂಗಳದಾಗಿಂದ ಒದರಬೇಕಂತ ಹೊರಗ ಬಂದೆ. ನೋಡ್ತೀನಿ, ತಾಟಿನ್ಯಾಗ ಒಂದೂ ಇಲ್ಲ! ಕಿಸೆ ಮುಟ್ಟಿ ನೋಡಿದೆ, ಅಲ್ಲಿ ನನ್ನ ಎರಡ ಇದ್ವು. ಮನಿ ಮಾಲಕರು, ಓಣಿ ಮಂದಿ, ಎಲ್ಲಾರೂ ಬಗ್ಗಿ ಬಗ್ಗಿ ಹುಡುಕಿದ್ರು. ಆಕಿನೂ ತುಳಸಿಕಟ್ಟಿ ಸುತ್ತ ಹುಡುಕಿ, "ಎಲ್ಲಿ ಹೋದ್ವೋ ಏನೋ ಪಾಪ" ಅಂದ್ಲು. ಆಫೀಸಿಗೆ ರಜಾ ಹೇಳಿದೆ, ಉಳಕೊಂಡೆ.

ಮರುದಿನ ಬೆಳಿಗ್ಗೆ ಡ್ಯೂಟಿಗೆ ಹೊಂಡೂ ಮುಂದ ಆಕಿ ಸೆರಗಿನ ಗಂಟು ಬಿಚ್ಚಿ ನಟ್ಟೆಲ್ಲಾ ತಾಟಿಗೆ ಸುರುವಿದ್ಲು.

"ನೀನೇನ?" ಅಂದೆ.

"ಮತ್ತೇನ ಮಾಡ್ಲಿ? ನೀವು ಎರಡ ತಗೊಂಡದ್ದು ಕಿಡಕ್ಯಾಗಿಂದ ನೋಡಿದೆ. ಎರಡು ಕಡಿಮಿ ಇದ್ರೂ ಗಾಡಿ ಹೊಡ್ಕೊಂಡು ಹೋಗೂ ಮಂದಿ ನೀವು. ಅದಕ್ಕ ಉಳದಾವ ನಾ ತಗೊಂಡೆ."