ಎರ್ರೆಪ್ಪನ ಅವಧಿ

ಕಾಲ ಕೆಟ್ಟರೆ ಹಗ್ಗವೂ ಹಾವಾಗುತ್ತದೆ ಎನ್ನುತ್ತಾರೆ. ಪಂಪೇಶನ ಪಾಲಿಗೆ ಹಾವಾದದ್ದು ಅವನೇ ಕೂತು ಟೈಪ್ ಮಾಡಿದ ಒಂದು ಸಾಲು.

ಹೊಸಪೇಟೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ದುರ್ಗಕ್ಕನ ಟೈಲರಿಂಗ್ ಅಂಗಡಿಯ ಪಕ್ಕದ ಒಂಟಿ ಕೋಣೆಯೇ ಪಂಪೇಶನ ಕಂಪನಿ. ಮಾಲೀಕನೂ ಅವನೇ, ನೌಕರನೂ ಅವನೇ, ಕಸ ಗುಡಿಸುವವನೂ ಅವನೇ. ಬ್ಯಾನರ್, ಲಗ್ನಪತ್ರಿಕೆ ಮಾಡುವ ಡಿಟಿಪಿ ಅಂಗಡಿಗಳ ಕಂಪ್ಯೂಟರಿಗೆಂದು ‘ಪಂಪಾ ಅಕ್ಷರ’ ಎಂಬ ಸಾಫ್ಟ್‌ವೇರ್ ಬರೆದಿದ್ದ. ಕಂಪ್ಲಿಯಿಂದ ಸಂಡೂರಿನವರೆಗೆ ಬೈಕಿನಲ್ಲಿ ತಿರುಗಿ ತಾನೇ ಹಾಕಿಕೊಟ್ಟು ಬರುತ್ತಿದ್ದ. ವರ್ಷಕ್ಕೊಮ್ಮೆ ಅದನ್ನು ರಿನೀವಲ್ ಮಾಡಿಸಬೇಕಿತ್ತು. ಯಾರೂ ಮಾಡಿಸುತ್ತಿರಲಿಲ್ಲ. ಅವಧಿ ಮುಗಿಯಿತೆಂದು ಪರದೆಯ ಮೇಲೆ ಎಷ್ಟು ಸಲ ಎಚ್ಚರಿಸಿದರೂ, ನೊಣ ಓಡಿಸಿದಂತೆ ‘ಸರಿ’ ಒತ್ತಿ ಮುಂದೆ ಹೋಗುತ್ತಿದ್ದರು.

ಹೋದ ತಿಂಗಳು ಪಂಪೇಶನ ತಾಳ್ಮೆ ಕೆಟ್ಟಿತು. ಎಚ್ಚರಿಕೆ ಪರದೆಯ ಮೇಲೆ ಬೇಡ, ಪ್ರಿಂಟಿನಲ್ಲೇ ಬರಲಿ ಎಂದು ಎಲ್ಲ ಅಂಗಡಿಗಳಲ್ಲೂ ಬದಲಾಯಿಸಿಬಿಟ್ಟ. ತನ್ನ ಮೇಜಿನ ಪ್ರಿಂಟರಿನಲ್ಲಿ ಪರೀಕ್ಷಿಸಿದಾಗ ಅದು ಹಾಳೆಯ ಕೆಳಗೆ ಇರುವೆ ಸಾಲಿನಂತೆ ಬಂದಿತ್ತು. ಇಪ್ಪತ್ತು ಅಡಿಯ ಫ್ಲೆಕ್ಸಿನಲ್ಲಿ ಆ ಇರುವೆ ಎಷ್ಟು ದೊಡ್ಡದಾದೀತೆಂದು ಅವನಿಗೆ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಕಂಪ್ಲಿಯ ಡಿಟಿಪಿ ಅಂಗಡಿ ಮಲ್ಲೇಶನ ಫೋನು ಬಂತು. ಒಂದು ಫೋಟೋ ಕಳಿಸಿದ್ದೇನೆ, ನೋಡಿ ಎಂದವನೇ ಇಟ್ಟುಬಿಟ್ಟ.

ಫೋಟೋದಲ್ಲಿ ಮೆಟ್ರಿಯ ಎರ್ರೆಪ್ಪನ ಅರವತ್ತನೆಯ ಹುಟ್ಟುಹಬ್ಬದ ಬ್ಯಾನರ್ ಇತ್ತು. ಊರ ನಡುವೆ, ಬಸ್ಸುಗಳು ನಿಲ್ಲುವ ಎದುರಿಗೇ ಕಟ್ಟಿದ್ದರು. ಎರ್ರೆಪ್ಪನ ಮೀಸೆ ಹೊತ್ತ ಮುಖದ ಸುತ್ತ ‘ಪಂಪಾ ಅಕ್ಷರ’ದಲ್ಲೇ ಸಿಗುವ ಚೆಂಡುಹೂವಿನ ಹಾರದ ಚಿತ್ರ. ಅದರ ಕೆಳಗೆ ಮೊಳದುದ್ದದ ಅಕ್ಷರಗಳು: ‘ನಿಮ್ಮ ಅವಧಿ ಮುಗಿದಿದೆ. ಕೂಡಲೇ ಹೊಸಪೇಟೆಯ ಪಂಪೇಶ್ ಇವರನ್ನು ಕಾಣಿರಿ.’ ಪಕ್ಕದಲ್ಲಿ ಮೊಬೈಲ್ ನಂಬರು.

ಪಂಪೇಶ ಕೈಲಿದ್ದ ಚಹಾ ಲೋಟ ಕೆಳಗಿಟ್ಟ. ಎರ್ರೆಪ್ಪನೆಂದರೆ ಆರು ಟ್ರ್ಯಾಕ್ಟರು, ಬಾಗಿಲಗಲದ ನಾಲ್ಕು ಗಂಡುಮಕ್ಕಳು. ಗದ್ದೆಗೆ ನೀರು ಬಿಡುವ ಪಾಳಿ ತಪ್ಪಿಸಿದವನನ್ನು ಅದೇ ಕಾಲುವೆಯಲ್ಲಿ ಮೂರು ಸಲ ಅದ್ದಿ ತೆಗೆದನೆಂಬ ಕತೆ ಸುತ್ತಲ ಊರಿಗೆಲ್ಲ ಗೊತ್ತಿತ್ತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಗುರುತಿಲ್ಲದ ನಂಬರು. ಆರನೆಯ ಸಲ ಬಡಿದುಕೊಂಡಾಗ ಪಂಪೇಶ ಅದರ ಬಾಯಿ ಮುಚ್ಚಿಸಿಟ್ಟ.

ಫೋಟೋ ನೋಡಿದ ದುರ್ಗಕ್ಕ ಹೊಲಿಗೆ ಮಷಿನ್ ನಿಲ್ಲಿಸಿ ಬಾಯಿಗೆ ಸೆರಗು ಹಿಡಿದಳು. “ಹಾರ ಬ್ಯಾರೆ ಹಾಕೀಯಲ್ಲೋ ಪಂಪೇಶಾ. ಜೀವಂತ ಇರೋ ಮನುಷ್ಯಗ.”

ತುಂಗಭದ್ರಾ ಡ್ಯಾಮಿನ ಕ್ವಾರ್ಟರ್ಸಿನಲ್ಲಿದ್ದ ತನ್ನ ತಮ್ಮ ಬಸವರಾಜನ ಮನೆಗೆ ಹೋಗಿ ಅಡಗಿಕೋ, ಪ್ರಾಣ ಹೋದರೂ ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಿದಳು. ಪಂಪೇಶ ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ ಓಣಿಯ ತುದಿ ಮುಟ್ಟುವಷ್ಟರಲ್ಲಿ ಇಸ್ತ್ರಿ ಅಂಗಡಿಯವನಿಗೂ ಹೂ ಮಾರುವ ನಿಂಗಕ್ಕನಿಗೂ ಸುದ್ದಿ ತಲುಪಿತ್ತು. ಡ್ಯಾಮಿನ ಬಸ್ಸು ಆ ಕಡೆ ನಿಲ್ಲುತ್ತದೆ ನೋಡಪ್ಪಾ ಎಂದು ನಿಂಗಕ್ಕ ಕನಿಕರದಿಂದ ದಾರಿ ತೋರಿಸಿದಳು.

ಬಸ್ಸಿನಲ್ಲಿ ಹಿಂದಿನ ಸೀಟಿನವರು ಅದೇ ಮಾತಾಡುತ್ತಿದ್ದರು. ಎರ್ರೆಪ್ಪ ಬ್ಯಾನರ್ ನೋಡಿ ಬೈಯಲೇ ಇಲ್ಲವಂತೆ. ಮುಖ ಬೆಳ್ಳಗಾಗಿ ಕಟ್ಟೆಯ ಮೇಲೆ ಕೂತನಂತೆ. ಆಮೇಲೆ ನಾಲ್ವರು ಮಕ್ಕಳನ್ನೂ ಜೀಪಿಗೆ ಹತ್ತಿಸಿಕೊಂಡು ಹೊಸಪೇಟೆ ಕಡೆ ಹೊರಟನಂತೆ.

“ಆ ಮನುಷ್ಯ ಬೈದ್ರ ಉಳೀಬೌದು,” ಎಂದನೊಬ್ಬ. “ಸುಮ್ನಾದನಂದ್ರ ಮುಗೀತು.”

ಪಂಪೇಶ ಚೀಲವನ್ನು ಮುಖಕ್ಕೆ ಅಡ್ಡ ಹಿಡಿದು ಡ್ಯಾಮಿನಲ್ಲಿ ಇಳಿದ. ಬಸವರಾಜ ಅವನನ್ನು ಒಳಕೋಣೆಯಲ್ಲಿ ಅಕ್ಕಿಚೀಲದ ಮರೆಗೆ ಕೂರಿಸಿ ಬುದ್ಧಿ ಹೇಳಿದ. ವಾದ ಮಾಡಬೇಡ, ಅವರು ಕೇಳಿದ್ದಕ್ಕೆಲ್ಲ ಹೂಂ ಅನ್ನು, ಉಳಿದದ್ದು ದೇವರಿಗೆ ಬಿಡು ಎಂದ.

ಮೂರು ಗಂಟೆಗೆ ಜೀಪು ಬಾಗಿಲಲ್ಲೇ ನಿಂತಿತು. ಮೊದಲು ಇಳಿದ ಮಗನ ಕೈಯಲ್ಲಿ ದುರ್ಗಕ್ಕನ ಊಟದ ಡಬ್ಬಿ ತೂಗಾಡುತ್ತಿತ್ತು. ಹೇಗೂ ಅಲ್ಲಿಗೇ ಹೊರಟಿದ್ದೀರಲ್ಲ, ಹುಡುಗ ಉಪವಾಸವಿದ್ದಾನೆ ಎಂದು ಅವಳೇ ವಿಳಾಸದ ಜೊತೆ ಕೊಟ್ಟು ಕಳಿಸಿದ್ದಳು.

ಎರ್ರೆಪ್ಪ ಒಳಗೆ ಬಂದ. ಪಂಪೇಶ ಕಣ್ಣು ಮುಚ್ಚಿಕೊಂಡು ಏಟಿಗೆ ಕಾದ. ಏಟು ಬರಲಿಲ್ಲ. ಕಣ್ಣು ಬಿಟ್ಟರೆ ಎರ್ರೆಪ್ಪ ನೆಲದ ಮೇಲೆ ಕೂತು ಕೈ ಮುಗಿದಿದ್ದ.

“ಫೋನ್ ಮಾಡಿ ಮಾಡಿ ಸಾಕಾತ್ರಿ ಸ್ವಾಮಿ. ಈಗ ಅವಧಿ ಮುಂದುವರಿಸಾಕ ಬರ್ತೈತೇನ್ರಿ?”

ಮಲ್ಲೇಶ ಎಲ್ಲವನ್ನೂ ತಿಳಿಸಿ ಹೇಳಿರಬೇಕೆಂದು ಪಂಪೇಶನಿಗೆ ಹೋದ ಜೀವ ಬಂದಂತಾಯಿತು. “ಬರ್ತೈತ್ರಿ ಯಜಮಾನ್ರ. ಒಂದು ವರ್ಷ ಮುಂದ ಹೊಕ್ಕೈತ್ರಿ.”

“ಒಂದ ವರ್ಷಾನ?” ಎರ್ರೆಪ್ಪನ ದನಿ ಒಡೆಯಿತು. “ಸಣ್ಣ ಮಗನ ಲಗ್ನ ಆಗಿಲ್ರಿ ಇನ್ನಾ. ಹೆಚ್ಚಿಂದು ಇಲ್ಲೇನ್ರಿ?”

“ಲೈಫ್‌ಟೈಮ್ ಐತ್ರಿ.”

ಎರ್ರೆಪ್ಪ ಆ ಮಾತನ್ನು ತೀರ್ಥದಂತೆ ನುಂಗಿಕೊಂಡ. ಈಗಲೇ, ತನ್ನ ಕಣ್ಣೆದುರಿಗೇ ಆಗಬೇಕೆಂದ. ಪಂಪೇಶ ಲ್ಯಾಪ್‌ಟಾಪ್ ತೆಗೆದು ಯಾರ ಹೆಸರಿಗೆ ಹಾಕಲೆಂದು ಕೇಳಿದ. ಮತ್ಯಾರ ಹೆಸರಿಗೆ, ನನ್ನದೇ ಎಂದ ಎರ್ರೆಪ್ಪ. ಪರದೆಯ ಮೇಲೆ ಕನ್ನಡದಲ್ಲಿ ಮೂಡಿತು: ‘ಎರ್ರೆಪ್ಪ, ಮೆಟ್ರಿ. ಅವಧಿ: ಆಜೀವ.’ ಎರ್ರೆಪ್ಪ ಪರದೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.

“ನಡುವ ಏನರ ಹೆಚ್ಚುಕಮ್ಮಿ ಆದ್ರ?” ಬಾಗಿಲಲ್ಲಿ ನಿಂತಿದ್ದ ಹಿರಿಮಗ ಕೇಳಿದ.

ವರ್ಷಗಟ್ಟಲೆ ಗಿರಾಕಿಗಳಿಗೆ ಹೇಳಿ ಹೇಳಿ ಬಾಯಿಪಾಠವಾದ ಮಾತು ಪಂಪೇಶನ ನಾಲಿಗೆಯಿಂದ ಜಾರಿತು. “ಏನಾದ್ರೂ ಜವಾಬ್ದಾರಿ ನಂದ್ರಿ. ಬಂದು ಸರಿ ಮಾಡಿ ಕೊಡ್ತೀನಿ.”

ನಾಲ್ವರೂ ಮಕ್ಕಳು ಒಟ್ಟಿಗೆ ತಲೆಯಾಡಿಸಿದರು.

ಎರ್ರೆಪ್ಪ ಕಣ್ಣೊರೆಸಿಕೊಂಡು ದನಿ ತಗ್ಗಿಸಿದ. “ನಾಕು ದಿನದಿಂದ ಎದಿ ಹಿಡಕಂತಿತ್ರಿ. ಗುಟ್ಟಾಗಿ ಟೆಸ್ಟ್ ಮಾಡಿಸಿದ್ದೆ, ಈ ಮಕ್ಕಳಿಗೂ ಹೇಳಿದ್ದಿಲ್ಲ. ನಿಮಗ ಹೆಂಗ ತಿಳೀತು?”

ಪಂಪೇಶನಿಗೆ ಎಲ್ಲವೂ ಅರ್ಥವಾದದ್ದು ಆಗ. ಬೆಳಗಿನಿಂದ ಪಟ್ಟ ಭಯ ಭಯವೇ ಅಲ್ಲ ಎನ್ನಿಸಿತು. ಅವಧಿ ಎಂದರೆ ಸಾಫ್ಟ್‌ವೇರಿನದು ಎಂದು ಹೇಳಲು ಬಾಯಿ ತೆರೆದ. ಬಸವರಾಜ ಅವನ ಕಾಲು ತುಳಿದ. ಬಾಗಿಲಲ್ಲಿ ಬೆಳಕು ಬಾರದಂತೆ ನಿಂತ ನಾಲ್ವರನ್ನು ನೋಡಿ ಪಂಪೇಶ ಮಾತು ನುಂಗಿದ. ಕೊನೆಗೆ, ಆದರೂ ಒಮ್ಮೆ ಡಾಕ್ಟರನ್ನು ಕಾಣಬೇಕು ಎಂದಷ್ಟೇ ಗೋಗರೆದ.

“ಇನ್ಯಾತಕ್ರಿ?” ಎರ್ರೆಪ್ಪ ನಕ್ಕು, ಟೆಸ್ಟ್ ರಿಪೋರ್ಟ್ ಪಡೆಯುವ ಚೀಟಿಯನ್ನು ಜೇಬಿನಿಂದ ತೆಗೆದು ನಾಲ್ಕು ಚೂರು ಮಾಡಿದ. ದೈವದ ಕೆಲಸಕ್ಕೆ ರೊಕ್ಕ ಕೊಟ್ಟರೆ ಫಲ ಹೋಗುತ್ತದೆಂದು ಕೊಡಲೂ ಇಲ್ಲ.

ಊರಿಗೆ ಬಿಡುತ್ತೇವೆಂದು ಪಂಪೇಶನನ್ನೂ ಜೀಪಿಗೆ ಹತ್ತಿಸಿಕೊಂಡರು. ಹೊಸಪೇಟೆಗೆ ಬರುತ್ತಿದ್ದಂತೆ ಎರ್ರೆಪ್ಪ ಒಗ್ಗರಣಿ ಮಿರ್ಚಿ ಗಾಡಿಯ ಮುಂದೆ ಜೀಪು ನಿಲ್ಲಿಸಿದ. ಡಾಕ್ಟರು ಎಣ್ಣೆ ತಿಂಡಿ ಮುಟ್ಟಬೇಡ ಎಂದಿದ್ದರಂತೆ. ನಾಲ್ಕು ದಿನದ ಬಾಕಿಯನ್ನೆಲ್ಲ ತೀರಿಸುವವನಂತೆ ಒಂದು ಪ್ಲೇಟು ಮುಗಿಸಿದ, ಎರಡನೆಯದನ್ನು ಹೇಳಿದ, ಅದು ಬರುವವರೆಗೆ ಒಂದು ಬೀಡಿ ಹಚ್ಚಿದ.

“ಬ್ಯಾಡ್ರಿ ಯಜಮಾನ್ರ,” ಪಂಪೇಶ ಅಳುವ ದನಿಯಲ್ಲಿ ಕೈ ಹಿಡಿದುಕೊಂಡ. “ನಿಮ್ಮ ಕಾಲಿಗೆ ಬೀಳ್ತೀನಿ.”

“ಯಾಕ ಹೆದರ್ತೀರಿ? ಲೈಫ್‌ಟೈಮ್ ಐತಲ್ಲ.”

ಎರ್ರೆಪ್ಪ ಹೊಗೆ ಎಳೆದು, ಒಮ್ಮೆ ಕೆಮ್ಮಿ, ಎದೆ ನೀವಿಕೊಂಡ. ನಾಲ್ವರೂ ಮಕ್ಕಳು ತಿನ್ನುವುದನ್ನು ನಿಲ್ಲಿಸಿ, ಅಪ್ಪನ ಕಡೆಗಲ್ಲ, ಪಂಪೇಶನ ಕಡೆ ತಿರುಗಿ ನೋಡಿದರು.