ಗೊತ್ತಿಲ್ಲದ್ದನ್ನು ಮೂಸಬೇಡಿ

ಕೆಲವರು ನಗಲಿಕ್ಕೆಂದು ಟಿಕೆಟ್ ತೆಗೆದು ನಾಟಕಕ್ಕೆ ಹೋಗುತ್ತಾರೆ. ಕಾಪುವಿನ ನಮ್ಮ ಗುಜರಿ ಶೆಡ್ಡಿಗೆ ನಗು ವಾರಕ್ಕೆರಡು ಸಲ ಟೆಂಪೋದಲ್ಲೇ ಬರುತ್ತದೆ. ಹಳೆ ಕಂಪ್ಯೂಟರ್ ಬಿಚ್ಚಿ ತಾಮ್ರ, ಅಲ್ಯೂಮಿನಿಯಂ ಬೇರೆ ಮಾಡುವುದು ನಮ್ಮ ಕೆಲಸ. ಮೊದಲು ನಾನು ಮಣಿಪಾಲದ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದೆ. ಹಾಗಾಗಿ ಗುರುತಿಲ್ಲದ ಪುಡಿ, ಅಂಟು, ನೀರು ಏನು ಕಂಡರೂ ಎಲ್ಲರೂ ನನ್ನನ್ನೇ ಕೂಗುತ್ತಾರೆ, ಧಣಿ ಒಬ್ಬರನ್ನು ಬಿಟ್ಟು.

ಮೂಗು

ಧಣಿ ಮೊದಲು ಮಲ್ಪೆಯಲ್ಲಿ ಒಣಮೀನಿನ ವ್ಯಾಪಾರಿ. ಯಾವುದನ್ನಾದರೂ ಮೂಸಿಯೇ ತೀರ್ಮಾನ. ಒಮ್ಮೆ ಕಂಪ್ಯೂಟರಿನ ಒಳಗೆ ಹಸಿರು ಪುಡಿ ಕಂಡಿತು. ಅವರು ಬಗ್ಗಿದ್ದೇ ತಡ, ನಾನು ಅಂಗಿಯ ಕಾಲರ್ ಹಿಡಿದು ಎಳೆದೆ.

“ಎಂತ ಅಕ್ಕ ಇದು! ಮೂವತ್ತು ವರ್ಷ ಮೀನು ಮೂಸಿದ ಮೂಗು, ಗೊತ್ತುಂಟಾ?”

“ಇನ್ನೂ ಮೂವತ್ತು ವರ್ಷ ಬೇಕಾದರೆ ಮಾಸ್ಕ್ ಹಾಕಿ ಧಣಿಗಳೇ.”

ಮರುದಿನ ಹಾಕಿಕೊಂಡೇ ಬಂದರು. ಬಾಯಿ ಮುಚ್ಚಿತ್ತು, ಮೂಗು ಹೊರಗಿತ್ತು. ಕೇಳಿದರೆ, “ಅದು ಡ್ಯೂಟಿಯಲ್ಲಿ ಉಂಟು” ಎಂದರು.

ಡಬ್ಬಿ

ಗುರುತು ಸಿಗದ್ದನ್ನು ನಾನು ತೊಳೆಯುವುದಿಲ್ಲ, ಚರಂಡಿಗೆ ಚೆಲ್ಲುವುದಿಲ್ಲ, ಒಂದಕ್ಕೊಂದು ಸೇರಿಸುವುದಿಲ್ಲ. ಗ್ಲೌಸ್ ಹಾಕಿ ಬೇರೆ ಬೇರೆ ಡಬ್ಬಿಯಲ್ಲಿ ಮುಚ್ಚಿ, ‘ಗೊತ್ತಿಲ್ಲ’ ಎಂದು ಚೀಟಿ ಅಂಟಿಸುತ್ತೇನೆ. ಒಮ್ಮೆ ತಪಾಸಣೆಗೆ ಅಧಿಕಾರಿಯೊಬ್ಬರು ಬಂದರು.

“ಇದರಲ್ಲಿ ಎಂತ ಉಂಟು?”

“ಗೊತ್ತಿಲ್ಲ ಸರ್.”

“ಇದರಲ್ಲಿ?”

“ಗೊತ್ತಿಲ್ಲ ಸರ್.”

“ತುಂಬಿಸಿದ್ದು ಯಾರು?”

“ನಾನೇ.”

ಅವರು ಕನ್ನಡಕ ತೆಗೆದು ಒರೆಸಿಕೊಂಡು ಚೀಟಿಗಳನ್ನೆಲ್ಲ ಓದಿದರು. ಆಮೇಲೆ ರಿಜಿಸ್ಟರಿನಲ್ಲಿ ಬರೆದರು: ‘ಗೊತ್ತಿಲ್ಲ, ಹನ್ನೆರಡು ಡಬ್ಬಿ. ಎಲ್ಲವೂ ಸರಿಯಾಗಿದೆ.’

ಹೊಗೆ

ಕಾರ್ಕಳದಿಂದ ಬಂದ ರಟ್ಟಿನ ಪೆಟ್ಟಿಗೆಯಲ್ಲಿ, ಹಳೆ ಬೋರ್ಡುಗಳ ಅಡಿಯಲ್ಲಿ, ಒಂದು ಜ್ಯೂಸ್ ಬಾಟಲಿ ಇತ್ತು. ಮುಚ್ಚಳದ ಸಂದಿಯಿಂದ ಕಂದು ಹೊಗೆ. ಯಾರೋ ಮನೆಯಲ್ಲೇ ಆಸಿಡ್ ಹಾಕಿ ಬೋರ್ಡಿನ ಚಿನ್ನ ತೆಗೆಯಲು ಹೊರಟಿದ್ದಿರಬೇಕು. ನಾವು ಹಾಗೇ ಬಿಟ್ಟು ಹೊರಗೆ ಓಡಿದೆವು. ಅಗ್ನಿಶಾಮಕದವರಿಗೆ ಫೋನ್ ಮಾಡಿದೆ. “ಮುಟ್ಟಬೇಡಿ, ನೀರು ಹಾಕಬೇಡಿ, ಜನರನ್ನು ದೂರ ಕಳಿಸಿ” ಎಂದರು.

ಅಷ್ಟರಲ್ಲಿ ಧಣಿ ಪಕ್ಕದ ಅಂಗಡಿಯವರ ಹತ್ತಿರ “ಚಿನ್ನ ಕರಗಿದ ನೀರು ಮಾರಾಯ” ಎಂದುಬಿಟ್ಟಿದ್ದರು. ಓಣಿಗೆ ಓಣಿಯೇ ಬಂತು.

“ವಿಷದ ಹೊಗೆ! ದೂರ ಹೋಗಿ!” ಎಂದು ಕೂಗಿದೆ.

“ಒಮ್ಮೆ ನೋಡಿ ಹೋಗುತ್ತೇವೆ ಅಕ್ಕ” ಎಂದು ಒಬ್ಬಾಕೆ ಸೆರಗಿನಿಂದ ಮೂಗು ಮುಚ್ಚಿ ಎರಡು ಹೆಜ್ಜೆ ಮುಂದೆಯೇ ಬಂದರು. ಅವರ ಹಿಂದೆ ಮಗು ಎತ್ತಿಕೊಂಡವರೂ ಇದ್ದರು. ಬೇರೇನೂ ತೋಚದೆ ಕಿರುಚಿದೆ:

“ಇನ್‌ಕಮ್ ಟ್ಯಾಕ್ಸಿನವರು ಬರ್ತಾ ಇದ್ದಾರಂತೆ! ಇಲ್ಲಿ ನಿಂತವರ ಹೆಸರೆಲ್ಲ ಬರೆದುಕೊಳ್ಳುತ್ತಾರಂತೆ!”

ಅರ್ಧ ನಿಮಿಷದಲ್ಲಿ ಓಣಿ ಖಾಲಿ. ಅಗ್ನಿಶಾಮಕದವರು ಬಂದು, ಅದು ಕಡು ಆಸಿಡ್ ಎಂದು ಹೇಳಿ ಬಾಟಲಿ ಸಾಗಿಸಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಧಣಿ ಎಲ್ಲೂ ಇಲ್ಲ. ಫೋನ್ ಮಾಡಿದೆ. ಪಿಸುಮಾತಿನಲ್ಲಿ ಉತ್ತರ ಬಂತು: “ಬೆಳ್ಮಣ್ ಬಸ್ಸಿನಲ್ಲಿದ್ದೇನೆ. ಹೋದರಾ?”

“ಹೋದರು ಧಣಿಗಳೇ, ಬಾಟಲಿ ತೆಗೆದುಕೊಂಡೇ ಹೋದರು. ಇನ್ನು ಹೆದರಿಕೆ ಇಲ್ಲ.”

“ಬಾಟಲಿ ಯಾರು ಕೇಳಿದರು ಮಾರಾಯ್ತಿ! ಇನ್‌ಕಮ್ ಟ್ಯಾಕ್ಸಿನವರು ಹೋದರಾ?”