ಅಯ್ಯನವರ ಮೆಣಸಿನ ಬಳ್ಳಿ

ಸತ್ಯಮಿತ್ರ ಅಯ್ಯನವರು ಚರ್ಚಿನ ಪಕ್ಕದ ತಮ್ಮ ಮನೆಯ ಹಿಂದೆ, ಸಿಲ್ವರ್ ಮರದ ಬುಡಕ್ಕೆ, ಒಂದು ಕಾಳುಮೆಣಸಿನ ಬಳ್ಳಿ ನೆಟ್ಟರು. ಎಲ್ಲ ಆದದ್ದು ಅದರಿಂದಲೇ.

ಅವರು ಹಂಗಾಮಿ ಸಭಾಪಾಲಕರು. ಹಳೆಯ ಅಯ್ಯನವರು ಹೋಗಿ ಹೊಸಬರು ಬರುವುದರೊಳಗೆ ಯಾವ ಊರಿನ ಸಭೆ ಎರಡು ಹೋಳಾಗುತ್ತದೋ ಅಲ್ಲಿಗೆ ಬಿಷಪರು ಇವರನ್ನು ಕಳಿಸುತ್ತಿದ್ದರು. ಜಗಳ ಆರಿಸುವುದು, ಆರಿದ ಮೇಲೆ ಟ್ರಂಕು ಎತ್ತುವುದು. ಮೂಡಿಗೆರೆಯಿಂದ ಸಂಸೆಯವರೆಗೆ ಇದೇ ಆಗಿ ತಲೆ ಬೆಳ್ಳಗಾಯಿತು. ಹೆರಿಗೆ ಮಾಡಿಸಿ, ಮಗು ನಗುವ ಮೊದಲೇ ಹೊರಟುಬಿಡುವ ಸೂಲಗಿತ್ತಿಯ ಬಾಳು.

ಕಳಸದಾಚೆಯ ಈ ಸಣ್ಣ ಸಭೆ ಒಡೆದದ್ದು ಹಾಡಿಗೆ ಹಾರ್ಮೋನಿಯಂ ಬೇಕೋ ಕೀಬೋರ್ಡ್ ಬೇಕೋ ಎಂದು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಧರ್ಮೇಶ್ ಹಾರ್ಮೋನಿಯಂ ಕಡೆ, ಜೀಪ್ ಓಡಿಸುವ ರಾಜೀವ ಕೀಬೋರ್ಡ್ ಕಡೆ. ಅಯ್ಯನವರು ಬಂದವರೇ ಎರಡನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮಳೆಗಾಲವಿಡೀ ಬರಿಗಂಟಲಲ್ಲಿ ಹಾಡಿ, ಒಬ್ಬರ ಅಪಸ್ವರ ಇನ್ನೊಬ್ಬರಿಗೆ ಕೇಳಿ ಕೇಳಿ, ಕೊನೆಗೆ ಎರಡು ಕಡೆಯವರೂ ಜೊತೆಯಾಗಿ ಬಂದು "ಯಾವುದಾದ್ರೂ ಒಂದು ಕೊಟ್ಬಿಡಿ" ಎಂದರು. ಈಗ ಎರಡೂ ಒಟ್ಟಿಗೆ ನುಡಿಯುತ್ತಿದ್ದವು.

ಅಂದರೆ ಹೊರಡುವ ಹೊತ್ತು ಬಂತು. ಬಳ್ಳಿ ನೆಟ್ಟ ದಿನವೇ ಮಧ್ಯಾಹ್ನ ಬಿಷಪರು ಬರುವವರಿದ್ದರು.

"ಅದು ಕಾಯಿ ಬಿಡಕ್ಕೆ ಮೂರು ವರ್ಷ ಬೇಕು ಅಯ್ನೋರೇ," ಪಕ್ಕದ ಮನೆಯ ಸುಗುಣಮ್ಮ ಬೇಲಿಯಾಚೆಯಿಂದ ಹೇಳಿದರು. "ಅಲ್ಲೀವರೆಗೆ ಇರ್ತೀರಾ?"

ಅಯ್ಯನವರು ಮಣ್ಣು ಒತ್ತುತ್ತಲೇ ಇದ್ದರು. "ನೆಟ್ಟಿದ್ದನ್ನ ಒಂದು ಸಲನಾದ್ರೂ ನಾನೇ ಕೊಯ್ಬೇಕು ಅಂತ ಆಸೆ, ಸುಗುಣಮ್ಮ. ಅಷ್ಟೇ."

ಅಷ್ಟು ಸಾಕಾಯಿತು. ಸುಗುಣಮ್ಮನಿಗೆ ಹೇಳಿದ್ದು ಸಂತೆಯಲ್ಲಿ ಡಂಗುರ ಹೊಡೆಸಿದ ಹಾಗೆ. ಬೆಳಗಿನ ಕಾಫಿಯ ಹೊತ್ತಿಗೆ ಧರ್ಮೇಶ್, ರಾಜೀವ ಒಂದೇ ಜೀಪಿನಲ್ಲಿ ಬಂದಿಳಿದರು.

"ನಾವು ಒಂದಾಗಿದೀವಿ ಅಂತ ಗೊತ್ತಾದ್ರೆ ತಾನೇ ನಿಮ್ಮನ್ನ ಇಲ್ಲಿಂದ ಎತ್ತೋದು?" ಎಂದ ರಾಜೀವ. "ಬಿಷಪ್ಪರ ಎದುರಿಗೆ ಸಣ್ಣದೊಂದು ಜಗಳ ಆಡ್ತೀವಿ. ನೀವು ಸುಮ್ನೆ ಕೂತಿರಿ."

"ನಾನು ಹಾರ್ಮೋನಿಯಂ ತಬ್ಕೊಂಡು ನಿಲ್ತೀನಿ, ಇವನು ಎಳೀತಾನೆ," ಎಂದರು ಧರ್ಮೇಶ್. "ಮೆಲ್ಲಗೆ ಎಳಿ ಮಾರಾಯ, ಭುಜ ನೋವಿದೆ."

"ಬೇಡ," ಎಂದರು ಅಯ್ಯನವರು. ಬೇಡವೆಂದದ್ದನ್ನು ಮೂರು ಸಲ ಹೇಳುವ ಮನುಷ್ಯ ಅಂದು ಒಂದೇ ಸಲ ಹೇಳಿ, ಬಳ್ಳಿಗೆ ನೀರು ಹಾಕಲು ಹೋದರು.

ಬಿಷಪರು ಬಂದು ಚರ್ಚಿನೊಳಗೆ ಕೂತರು. ಜಗಳ ಹೇಳಿದಂತೆಯೇ ಶುರುವಾಯಿತು. ಎಳೆಯುವ ಮೊದಲೇ ಧರ್ಮೇಶ್ "ಅಯ್ಯಯ್ಯೋ" ಎಂದದ್ದಕ್ಕೆ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಾಟಕ ಸಪ್ಪೆಯಾಯಿತು ಎನ್ನಿಸಿ ಧರ್ಮೇಶ್ ತಮ್ಮದೊಂದು ಮಾತು ಸೇರಿಸಿದರು.

"ಕರೆಂಟ್ ಹೋದ್ರೆ ನಿನ್ನ ಕೀಬೋರ್ಡು ಬರೀ ಹಲಗೆ. ನಿಮ್ಮಪ್ಪನ್ನ ಮಣ್ಣು ಮಾಡಿದ ದಿನ ಅರ್ಧ ಹಾಡಿಗೆ ನಿಂತೋಗ್ಲಿಲ್ವಾ?"

ರಾಜೀವನ ಕೈ ನಿಂತಿತು. "ಅವತ್ತು ನೀವು ನಕ್ಕಿದ್ದು ನಾನು ನೋಡಿದ್ದೆ," ಎಂದ, ಮೆಲ್ಲಗೆ.

ಇದು ಮಾತಾಡಿಕೊಂಡದ್ದರಲ್ಲಿ ಇರಲಿಲ್ಲ. ಆಮೇಲೆ ಅವನು ನಿಜವಾಗಿ ಎಳೆದ. ಹಾರ್ಮೋನಿಯಮ್ಮಿನ ಗಾಳಿಯೂದುವ ತಿದಿ ಹರಿದು, ಅದು ಕರು ಕಳಕೊಂಡ ಎಮ್ಮೆಯ ಹಾಗೆ ಒಮ್ಮೆ ಕೂಗಿ ಸುಮ್ಮನಾಯಿತು. ಎಡಬಲದ ಬೆಂಚುಗಳಲ್ಲಿದ್ದ ಎರಡು ಕಡೆಯವರೂ ಎದ್ದು ಕೈಕೈ ಮಿಲಾಯಿಸಿದರು. ಅಯ್ಯನವರು ನಡುವೆ ನುಗ್ಗಿ "ಬೇಡ" ಎಂದು ಮೂರು ಸಲ ಕೂಗಿದರು. ಯಾರಿಗೂ ಕೇಳಲಿಲ್ಲ.

ಬಿಷಪರು ಅವರನ್ನು ಹಿತ್ತಲಿಗೆ ಕರೆದೊಯ್ದು ಬಳ್ಳಿಯ ಹತ್ತಿರ ನಿಂತರು.

"ಸತ್ಯಮಿತ್ರ, ಇವರನ್ನ ಒಂದು ಮಾಡಿದೀರಿ ಅಂತ ಕೇಳಿದ್ದೆ. ನಿಮಗೂ ವಯಸ್ಸಾಯ್ತು, ಇಲ್ಲೇ ಕಾಯಂ ಮಾಡೋಣ ಅಂತಲೇ ಬಂದೆ." ಒಳಗೆ ಬೆಂಚೊಂದು ಬಿದ್ದ ಸದ್ದಾಯಿತು. "ಇದು ನಿಮ್ಮ ಕೈಲಿ ಆಗ್ಲಿಲ್ಲ ಅನ್ಸುತ್ತೆ. ಬೇರೆಯವರು ನೋಡ್ಲಿ. ಗೋಣಿಬೀಡಿನ ಕಡೆ ಒಂದು ಸಣ್ಣ ಜಗಳ ಇದೆ. ಸಂಜೆಗೇ ಹೊರಡಿ."

ಅದು ನಾಟಕ ಎನ್ನಲು ಅಯ್ಯನವರು ಬಾಯಿ ತೆರೆದರು. ಹರಿದ ತಿದಿ ನಾಟಕವಲ್ಲ. ಉಳಿಯುವ ಆಸೆಗೆ ತಾವು ಒಂದೇ ಸಲ ಹೇಳಿ ಬಿಟ್ಟ "ಬೇಡ"ವೂ ನಾಟಕವಲ್ಲ. ಟ್ರಂಕು ತುಂಬಲು ಮನೆಯೊಳಗೆ ಹೋದರು.

ಅಯ್ಯನವರು ಹೊರಡುವ ಸುದ್ದಿ ಕೇಳಿದ್ದೇ ಜಗಳ ಅಲ್ಲೇ ನಿಂತಿತು; ಸಂಜೆ ಟ್ರಂಕಿನ ಒಂದು ಕಿವಿ ಧರ್ಮೇಶ್ ಹಿಡಿದರು, ಇನ್ನೊಂದು ರಾಜೀವ. ಇಬ್ಬರ ಕಣ್ಣೂ ಕೆಂಪಾಗಿತ್ತು. "ನಿಮ್ಮ ಭುಜ... ಬಿಡಿ, ನಾನೇ ಎತ್ತಿಡ್ತೀನಿ," ಎಂದ ರಾಜೀವ. ಚರ್ಚಿನೊಳಗೆ ತೇಪೆ ಹಚ್ಚಿದ ಹಾರ್ಮೋನಿಯಂ, ಕೀಬೋರ್ಡ್ ಜೊತೆಯಾಗಿ ಬೀಳ್ಕೊಡುವ ಹಾಡು ನುಡಿಸಿದವು. ಎಡದವರು, ಬಲದವರು ಒಂದೇ ಕಂಠದಲ್ಲಿ ಹಾಡಿದರು. ಇಷ್ಟು ಒಂದಾದ ಸಭೆಯನ್ನು ಅಯ್ಯನವರು ತಮ್ಮ ಸೇವೆಯಲ್ಲೇ ಕಂಡಿರಲಿಲ್ಲ.

ಜೀಪು ಹೊರಡುವಾಗ ಸುಗುಣಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕಿಟಕಿಯ ಬಳಿ ಬಂದರು.

"ಬಳ್ಳಿ ಚಿಂತೆ ಮಾಡ್ಬೇಡಿ ಅಯ್ನೋರೇ. ದಿನಾ ನೀರು ಹಾಕ್ತೀನಿ. ಬರೋ ಅಯ್ನೋರಿಗೆ ಮೆಣಸಾಗುತ್ತೆ."